ತಾಯಿನೀರಿನ ಕೊಡ

"ಭಂತೆ, ಆಸೆಯೇ ದುಃಖಕ್ಕೆ ಕಾರಣವಾದರೆ, ಆಸೆಯನ್ನು ಬಿಟ್ಟವನಿಗೆ ದುಃಖ ಏಕೆ ಬರಬೇಕು?"

ಕೇಳಿದವನು ನಾಗಮಿತ್ರ. ಹೊಳೆಯ ದಂಡೆಯ ಆ ವಿಹಾರಕ್ಕೆ ಬಂದು ಭಿಕ್ಷುವಾಗಿ ಅವನಿಗೆ ಎರಡು ವರ್ಷವಾಗಿತ್ತು. ಕೇಳಿಸಿಕೊಂಡವರು ಅವನ ಗುರುಗಳು, ವಿಹಾರದ ಹಿರಿಯ ಸ್ಥವಿರರು. ಅವರು ಅರಳಿಮರದ ಕಟ್ಟೆಯ ಮೇಲೆ ಕುಳಿತು ಹರಿದ ಚೀವರಕ್ಕೆ ತೇಪೆ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರಿಗೆ ಬಂತು ದುಃಖ?" ಎಂದರು.

ನಾಗಮಿತ್ರ ಹೇಳಿದ. ಹಿಂದಿನ ದಿನ ಅವನ ಊರಿನ ಗಾಡಿಯವನೊಬ್ಬ ಈ ದಾರಿಯಲ್ಲಿ ಬಂದಿದ್ದ. ನಾಗಮಿತ್ರನ ತಾಯಿ ಹಸುವನ್ನು ನೆರೆಯವರಿಗೆ ಒಪ್ಪಿಸಿ, ಮನೆಯ ಬಾಗಿಲಿಗೆ ಮುಳ್ಳು ಕಟ್ಟಿ, ಒಂದು ಗಂಟು ಹಿಡಿದುಕೊಂಡು ಊರು ಬಿಟ್ಟಿದ್ದಳಂತೆ. ಹೋಗಿ ನಾಲ್ಕು ತಿಂಗಳಾಯಿತಂತೆ. ಎಲ್ಲಿದ್ದಾಳೆ, ಇದ್ದಾಳೋ ಇಲ್ಲವೋ, ಯಾರಿಗೂ ತಿಳಿಯದು.

ಸ್ಥವಿರರ ಸೂಜಿ ನಿಂತಿತು. "ನಾಲ್ಕು ತಿಂಗಳೇ?"

"ಹೌದು ಭಂತೆ. ಒಂದು ಸಲ ಮಗನ ಮುಖ ನೋಡಬೇಕು ಎಂದು ಅಳುತ್ತಿದ್ದಳಂತೆ."

ಸೂಜಿ ಮತ್ತೆ ನಡೆಯಿತು.

"ಕೇಳಿ ಎದೆ ಹಿಂಡಿದ ಹಾಗಾಯಿತು," ಎಂದ ನಾಗಮಿತ್ರ. "ಆಮೇಲೆ ವಿಚಾರ ಮಾಡಿದೆ. ಮಗ ಬೇಕೆಂದು ಬಯಸುತ್ತಿರುವವಳು ಅವಳು. ಅವಳ ಆಸೆ, ಅವಳ ದುಃಖ. ನಾನು ಬಯಸುವುದನ್ನು ಬಿಟ್ಟವನು. ಭಿಕ್ಷೆಗೆ ಹೋದರೆ ಮನೆಮನೆಯ ಮುಂದೆ ಕಣ್ಣು ಮುಚ್ಚಿ ನಿಲ್ಲುತ್ತೇನೆ. ಯಾರು ಹಾಕಿದರು, ಏನು ಹಾಕಿದರು ಎಂದು ನೋಡುವುದಿಲ್ಲ. ಬಿದ್ದದ್ದಕ್ಕೆಲ್ಲ ನೀರು ಹುಯ್ದು ಕಲಸಿ ನುಂಗುತ್ತೇನೆ, ನಾಲಗೆಗೆ ರುಚಿ ಹತ್ತದ ಹಾಗೆ. ಇಷ್ಟು ಮಾಡಿಯೂ ಎದೆ ಏಕೆ ಹಿಂಡಬೇಕು? ಹುಡುಕಿಕೊಂಡು ಹೋಗಲೇ ಎಂಬ ಯೋಚನೆಯೂ ಒಂದು ಸಲ ಬಂತು. ಅದನ್ನು ಬೇರುಸಹಿತ ಕೀಳುವ ದಾರಿ ಹೇಳಿಕೊಡಿ."

"ಕಣ್ಣು ತಗ್ಗಿಸು ಅಂದಿದ್ದೆ. ಮುಚ್ಚು ಅಂದವರು ಯಾರು?"

"ತಗ್ಗಿಸುವುದಕ್ಕಿಂತ ಮುಚ್ಚುವುದು ಹೆಚ್ಚಲ್ಲವೇ ಭಂತೆ?"

"ಹೆಚ್ಚೇನೋ ಹೌದು. ಬೆಕ್ಕೂ ಹಾಲು ಕುಡಿಯುವಾಗ ಅಷ್ಟೇ ಮಾಡುತ್ತದೆ," ಎಂದರು ಸ್ಥವಿರರು. "ಕೂತುಕೋ. ಈ ಸೂಜಿಗೆ ದಾರ ಪೋಣಿಸಿಕೊಡು, ನನಗೆ ಕಾಣುವುದಿಲ್ಲ. ಒಬ್ಬ ಬಣ್ಣಗಾರನ ಕತೆ ಹೇಳುತ್ತೇನೆ."

ನಾಗಮಿತ್ರ ಸೂಜಿ ತೆಗೆದುಕೊಂಡು ಕುಳಿತ. ಸ್ಥವಿರರು ಹೇಳತೊಡಗಿದರು.

ಒಂದು ಊರು. ಆ ಊರಲ್ಲಿ ಬಟ್ಟೆಗೆ ನೀಲಿ ಹಾಕುವವರದೇ ಒಂದು ಕೇರಿ. ಆ ಕೇರಿಯಲ್ಲಿ ಒಬ್ಬ ಬಣ್ಣಗಾರ. ಹೆಂಡತಿ ತೀರಿಹೋಗಿದ್ದಳು. ಹದಿನೆಂಟರ ಮಗ, ಹನ್ನೆರಡರ ಮಗಳು. ಅವನ ಮನೆಯ ನೀಲಿಗೆ ಸುತ್ತ ಹತ್ತೂರಲ್ಲಿ ಸಾಟಿ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಅದೇ ತೊಂದರೆ.

ನೀಲಿ ಹಾಕುವುದೆಂದರೆ ಏನೆಂದುಕೊಂಡೆ? ಕುದಿಸಿ, ಅದ್ದಿ, ಹಿಂಡಿ ಒಣಗಿಸುವ ಕೆಲಸವಲ್ಲ ಅದು. ಹಿತ್ತಲಲ್ಲಿ ಕುತ್ತಿಗೆಯವರೆಗೆ ನೆಲದಲ್ಲಿ ಹೂತ ದೊಡ್ಡದೊಂದು ಮಣ್ಣಿನ ಬಾನಿ ಇರುತ್ತದೆ. ಅದರಲ್ಲಿ ಅರೆದ ನೀಲಿ, ಸುಣ್ಣದ ತಿಳಿ, ಬೇಯಿಸಿದ ತಗಚೆ ಬೀಜ. ಅಂಬಲಿ ಹುಳಿಯುವ ಹಾಗೆ ಅದು ಹುಳಿಯಬೇಕು. ಹುಳಿತರೆ ಬಾನಿಗೆ ಜೀವ ಬಂತು ಎನ್ನುತ್ತಾರೆ. ಜೀವವಿರುವ ಬಾನಿಯಲ್ಲಿ ಅದ್ದಿದ ಬಟ್ಟೆ ಹೊರಗೆ ಬರುವಾಗ ಹಸಿರು. ಗಾಳಿ ತಾಗಿದ ಮೇಲೆ ನೋಡನೋಡುತ್ತ ನೀಲಿಯಾಗುತ್ತದೆ. ಜೀವ ಹೋದ ಬಾನಿಯಲ್ಲಿ ಇರುವುದು ಬರೀ ಕೊಳೆತ ನೀರು.

ಅದನ್ನು ಸಾಕಬೇಕು ನಾಗಮಿತ್ರ, ಎತ್ತು ಎಮ್ಮೆ ಸಾಕಿದ ಹಾಗೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೋಲಿನಿಂದ ಮೆಲ್ಲಗೆ ತಿರುವಬೇಕು. ತಿರುವದೆ ಬಿಟ್ಟರೂ ಸಾಯುತ್ತದೆ. ಎಲ್ಲಿ ಸತ್ತೀತೋ ಎಂದು ಹೆದರಿ ಗಳಿಗೆಗೊಮ್ಮೆ ತಿರುವಿದರೂ ಸಾಯುತ್ತದೆ. ಚಳಿ ಬಂದರೆ ಸುತ್ತ ಹುಲ್ಲು ಒಟ್ಟಬೇಕು. ದಿನಾ ಬೆರಳದ್ದಿ ನಾಲಗೆಗೆ ಮುಟ್ಟಿಸಿ ನೋಡಬೇಕು. ನಾಲಗೆ ಚುರ್ ಎಂದರೆ ಸುಣ್ಣ ಸಾಕು, ಸಪ್ಪೆ ಎನಿಸಿದರೆ ಇನ್ನೊಂದು ಹಿಡಿ ಬೇಕು. ಬೇರೆ ಅಳತೆಯೇ ಇಲ್ಲ. ಹಾಗಾಗಿ ಆ ಕೇರಿಯಲ್ಲಿ ಬಾನಿ ಸಾಕುವವರ ಗುರುತು ಯಾರೂ ಕೇಳಬೇಕಿಲ್ಲ. ಮೊಣಕೈವರೆಗೆ ಕೈ ನೀಲಿ, ನಾಲಗೆಯ ತುದಿಯೂ ನೀಲಿ.

ಹಳೆಯ ಬಾನಿಯ ಒಂದು ಕೊಡ ನೀರು ಸೇರದೆ ಹೊಸ ಬಾನಿಗೆ ಜೀವ ಬಾರದು. ಅದಕ್ಕೆ ತಾಯಿನೀರು ಎಂದು ಹೆಸರು. ಮಗಳನ್ನು ಗಂಡನ ಮನೆಗೆ ಕಳಿಸುವ ದಿನ ತಂದೆಯಾದವನು ತನ್ನ ಕೈಯಿಂದಲೇ ಒಂದು ಕೊಡ ತಾಯಿನೀರು ತುಂಬಿ ಅವಳ ಕೈಗೆ ಕೊಡಬೇಕು. ಅವಳು ಅದನ್ನು ಗಂಡನ ಮನೆಯ ಬಾನಿಗೆ ಸುರಿಯುತ್ತಾಳೆ. ಅಂದಿನಿಂದ ಆ ಬಾನಿ ಅವಳದೂ ಹೌದು. ಕೊಡ ತಾರದೆ ಬಂದ ಸೊಸೆಯನ್ನು ಬಾನಿಯ ಹತ್ತಿರ ಬಿಡುವುದಿಲ್ಲ. ಸಾಯುವತನಕ ಅವಳು ಸುಣ್ಣ ಸುಟ್ಟುಕೊಂಡು, ಸೊಪ್ಪು ಹೊತ್ತುಕೊಂಡು ಹಿತ್ತಲ ಮೂಲೆಯಲ್ಲಿ ಬಿದ್ದಿರಬೇಕು. 'ತಾಯಿನೀರಿಲ್ಲದವಳು' ಎನ್ನುವುದು ಆ ಕೇರಿಯಲ್ಲಿ ಹೆಣ್ಣಿಗೆ ಆಡುವ ಬೈಗುಳ.

ಕೊಡ ಕೊಡುವಾಗ ತಂದೆ ಒಂದೇ ಮಾತು ಹೇಳಬೇಕು. 'ನನ್ನ ಕೈಯಲ್ಲಿತ್ತು, ನನ್ನದಾಗಿರಲಿಲ್ಲ.' ತಲೆತಲಾಂತರದಿಂದ ಹೇಳಿಕೊಂಡು ಬಂದ ಮಾತು. ಬಾಯಿಪಾಠವಾದ ಮಾತಿಗೆ ಯಾರು ಅರ್ಥ ಹುಡುಕುತ್ತಾರೆ? ಬಣ್ಣಗಾರನ ಮಾವನೂ ಹೇಳಿದ್ದ. ಬಣ್ಣಗಾರನ ಹೆಂಡತಿ ತಂದ ಕೊಡ ಅದೇ ಬಾನಿಯಲ್ಲಿ ಸೇರಿಹೋಗಿತ್ತು.

ಒಂದು ಮಳೆಗಾಲದಲ್ಲಿ ಅರಮನೆಯಿಂದ ಬಟ್ಟೆ ಬಂತು. ನಲವತ್ತು ಮೊಳದ ಒಂದೇ ಹಾಸು. ಬಣ್ಣಗಾರನಿಗೆ ನಿದ್ದೆ ಹಾರಿಹೋಯಿತು. ಇಂಥ ನೀಲಿ ಹಿಂದೆ ಯಾರೂ ಹಾಕಿಲ್ಲ, ಮುಂದೆ ಯಾರೂ ಹಾಕಬಾರದು, ಹಾಗೆ ಹಾಕಬೇಕು ಎಂದುಕೊಂಡ. ಒಂಬತ್ತು ಸಲ ಅದ್ದಿದ. ಕೊನೆಯ ಸಲ ಅದ್ದಿದ ದಿನವೇ ಹರಿಯುವ ನೀರಿನಲ್ಲಿ ಜಾಲಾಡಿದರೆ ಬಣ್ಣ ಕಣ್ಣು ತೆರೆಯುತ್ತದೆ. ಅವತ್ತು ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಎರಡು ದಿನ ತಡೆಯೋ ಮಾರಾಯ ಎಂದರು ಕೇರಿಯವರು. ಅವನು ತಡೆಯಲಿಲ್ಲ. ಮಗನನ್ನು ಕರೆದು ಬಟ್ಟೆ ಹೆಗಲಿಗೆ ಹಾಕಿದ.

ಮಗ ಹೊಳೆ ನೋಡಿದ. ಅಪ್ಪನ ಮುಖ ನೋಡಿದ. ನೀರಿಗೆ ಇಳಿದ.

ಮೂರನೆಯ ದಿನ ಬಟ್ಟೆ ಸಿಕ್ಕಿತು. ಕೆಳಗಿನ ತಿರುವಿನಲ್ಲಿ ಒಂದು ಮರದ ಬೇರಿಗೆ ಸುತ್ತಿಕೊಂಡಿತ್ತು. ಮಗ ಸಿಗಲಿಲ್ಲ. ಬಟ್ಟೆಯನ್ನು ಬಿಡಿಸಿ ದಂಡೆಯ ಮೇಲೆ ಹರಡಿದವರು ನೋಡುತ್ತ ನಿಂತರು. ಅಂಥ ನೀಲಿಯನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ. ಬಣ್ಣಗಾರ ಬಯಸಿದ್ದು ಅದನ್ನೇ.

ಅಯ್ಯೋ, ಅವನ ಸಂಕಟ ಯಾರಿಗೂ ಬೇಡ. ಹನ್ನೊಂದು ದಿನ ಅವನು ಮಲಗಿದಲ್ಲಿಂದ ಏಳಲಿಲ್ಲ. ಹನ್ನೆರಡನೆಯ ದಿನ ಬಾಗಿಲಿಗೆ ಒಬ್ಬ ಭಿಕ್ಷು ಬಂದ, ನಮ್ಮಂಥವನೇ. ಮನೆಯ ಸ್ಥಿತಿ ಕಂಡು ಅವನಿಗೆ ಮರುಕ ಬಂತು. ಹೇಳಿದ: 'ಅಪ್ಪಾ, ಆಸೆಯೇ ದುಃಖದ ಮೂಲ.' ಅವನ ಮಾತು ಇನ್ನೂ ಮುಗಿದಿರಲಿಲ್ಲ, ಹೇಳಬೇಕಾದದ್ದು ಮುಂದಿತ್ತು. ಬಣ್ಣಗಾರ ಅಷ್ಟು ಕೇಳಿದವನೇ ಬಾಗಿಲು ಹಾಕಿಕೊಂಡು ಒಳಗೆ ಹೋದ. ಅವನಿಗೆ ಅಷ್ಟೇ ಸಾಕಾಗಿತ್ತು. ನಾನು ಬಯಸಿದೆ, ಅದಕ್ಕೇ ಮಗ ಸತ್ತ. ಇನ್ನು ಏನನ್ನೂ ಬಯಸುವುದಿಲ್ಲ. ಬಯಸಿದರೆ ತಾನೇ ನೋಯುವುದು?

ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವವರು ಇರುತ್ತಾರೆ. ನಗಬೇಡ. ಮೂಗು ಕೊಯ್ದುಕೊಳ್ಳುವವನಿಗೂ ನೋವಿರುತ್ತದೆ.

ಅವನು ಹಿತ್ತಲಿಗೆ ಹೋಗುವುದನ್ನು ಬಿಟ್ಟ. ಬೂದಿ, ಹುಣಸೆಹಣ್ಣು, ಸೀಗೆ ಹಾಕಿ ಚರ್ಮ ಕಿತ್ತುಬರುವ ಹಾಗೆ ಕೈ ಉಜ್ಜಿಕೊಂಡ. ಕೈ ಬೇಗ ಬೆಳ್ಳಗಾಯಿತು, ಉಗುರು ಆಗಲಿಲ್ಲ. ಉಗುರಿನ ನೀಲಿ ಬೆಳೆದು ತುದಿಗೆ ಬಂದು ಕತ್ತರಿಸಿಹೋಗುವುದಕ್ಕೆ ಆರು ತಿಂಗಳು ಹಿಡಿಯಿತು. ಹತ್ತೂ ಉಗುರು ಬೆಳ್ಳಗಾದ ದಿನ ಅವನು ಕೈಗಳನ್ನು ಬಿಸಿಲಿಗೆ ಹಿಡಿದು ನೋಡಿಕೊಂಡ. ಮುಗಿಯಿತು ಎಂದುಕೊಂಡ.

ಮುಂದೆ ಅವನಿಗೆ ಜಗಲಿಯೇ ಜಾಗ. ಗೋಡೆಗೆ ಒರಗಿ ಕುಳಿತರೆ ಬೆಳಗಿನಿಂದ ಬೈಗಿನವರೆಗೆ ಅಲ್ಲೇ. ಮಗಳು ಊಟ ತಂದಿಟ್ಟರೆ ತಲೆ ತಗ್ಗಿಸಿ ಉಣ್ಣುತ್ತಿದ್ದ. ಉಪ್ಪು ಹೆಚ್ಚಾಯಿತು ಎನ್ನುತ್ತಿರಲಿಲ್ಲ, ಕಡಿಮೆಯಾಯಿತು ಎನ್ನುತ್ತಿರಲಿಲ್ಲ. ಬಡಿಸುವ ಕೈಯನ್ನು ನೋಡುತ್ತಿರಲಿಲ್ಲ. ಆ ಹುಡುಗಿಗೆ ಒಂದು ಚೆಂದದ ಹೆಸರಿತ್ತು. ಆ ಹೆಸರು ಹಿಡಿದು ಕರೆಯುವುದನ್ನೂ ಬಿಟ್ಟ. ಹೆಸರು ಕರೆದರೆ ಮಗಳು ಎನಿಸುತ್ತದೆ, ಮಗಳು ಎನಿಸಿದರೆ ಇವಳೂ ಹೋದಾಳೆಂಬ ಭಯ ಹುಟ್ಟುತ್ತದೆ. ಅಪ್ಪ ಕರೆಯದ ಹೆಸರನ್ನು ನಾನೂ ಈಗ ಹೇಳುವುದಿಲ್ಲ.

ಏಳು ವರ್ಷ ಹೀಗೇ ಕಳೆಯಿತು. ಊರಲ್ಲಿ ಅವನಿಗೆ ಹೆಸರೂ ಬಂತು. ಮಗ ಸತ್ತರೂ ಅಳದವನು, ಏನೂ ಬೇಡದವನು ಎಂದು ಜನ ಬಂದು ಜಗಲಿಯ ಕೆಳಗೆ ಕೈಮುಗಿದು ಕೂರತೊಡಗಿದರು. ಅವನು ಅವರಿಗೆ ಹೇಳುತ್ತಿದ್ದ: 'ನೋಡಿ, ನಾನು ಬಾನಿ ಮುಟ್ಟಿ ಇಷ್ಟು ವರ್ಷವಾಯಿತು. ಆದರೂ ಮನೆಯಲ್ಲಿ ಒಲೆ ಉರಿಯುತ್ತದೆ. ಬೇಡ ಎಂದವನ ಬಳಿಗೆ ಎಲ್ಲವೂ ತಾನಾಗಿ ಬರುತ್ತದೆ.' ಜನ ತಲೆದೂಗಿದರು. ಹಿತ್ತಲ ಕಡೆಯಿಂದ ದಿನವೂ ಬಾವಿಯ ರಾಟೆ ಕಿರ್ ಕಿರ್ ಎನ್ನುವುದು ಅವನಿಗೆ ಕೇಳುತ್ತಿತ್ತು. ಪಕ್ಕದ ಮನೆಯದು ಎಂದುಕೊಂಡಿದ್ದ. ಒಲೆ ಉರಿಸುವವರು ಯಾರು ಎಂದು ಅವನು ಕೇಳಲಿಲ್ಲ. ಕೇರಿಯವರೂ ಹೇಳಲಿಲ್ಲ. ಅಪ್ಪನಿಗೆ ತಿಳಿಯದ್ದೇನು ಎಂದುಕೊಂಡಿದ್ದರು, ಪಾಪ.

ಹುಡುಗಿಗೆ ಹತ್ತೊಂಬತ್ತಾಯಿತು. ಅಪ್ಪ ಎದ್ದು ಗಂಡು ಹುಡುಕುವ ಹಾಗಿರಲಿಲ್ಲ. ಅವಳ ಸೋದರಮಾವನೇ ನಡುವೆ ನಿಂತು ಮೇಲಿನೂರಿನ ಬಣ್ಣಗಾರರ ಮನೆಯಲ್ಲಿ ಸಂಬಂಧ ಗೊತ್ತುಮಾಡಿದ. ಬೀಗರು ಕೇಳಿದ್ದು ಒಂದೇ, ತಾಯಿನೀರಿನ ಕೊಡ. ಮದುವೆ ಮುಗಿಯಿತು. ಧಾರೆ ಎರೆಯಲಿಕ್ಕೂ ಸೋದರಮಾವನೇ ನಿಂತ. ಆದರೆ ಕೊಡ ತುಂಬುವುದಕ್ಕೆ ಬೇರೆಯವರ ಕೈ ಆಗದು. ದಿಬ್ಬಣದ ಗಾಡಿಗಳು ಬೀದಿಯಲ್ಲಿ ನಿಂತವು. ಹುಡುಗಿ ಖಾಲಿ ಕೊಡ ಹಿಡಿದು ಜಗಲಿಗೆ ಬಂದಳು.

'ಅಪ್ಪಾ, ಗಾಡಿ ಬಂದಿದೆ. ಕೊಡ ತುಂಬಿಸಿಕೊಡು.'

ಬಣ್ಣಗಾರ ತಲೆ ಎತ್ತದೆ ಹೇಳಿದ: 'ಯಾವ ನೀರು ತುಂಬಲಿ? ಬಾನಿ ಸತ್ತು ಏಳು ವರ್ಷವಾಯಿತು. ನನಗೆ ಕೊಡುವ ಆಸೆಯೂ ಇಲ್ಲ, ಇಟ್ಟುಕೊಳ್ಳುವ ಆಸೆಯೂ ಇಲ್ಲ. ನೀನೂ ಬಿಟ್ಟುಬಿಡು. ಬಿಟ್ಟರೆ ನೋಯುವುದಿಲ್ಲ.'

ಏಳು ವರ್ಷ ಒಂದು ಮಾತು ಎದುರಾಡದ ಹುಡುಗಿ. ಅಣ್ಣ ಹೋದಾಗ ಅಪ್ಪನಿಗೆ ಕೇಳಿಸಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತವಳು. ಅವತ್ತು ಅವಳಿಗೆ ತಡೆಯಲಾಗಲಿಲ್ಲ. ಕೊಡವನ್ನು ಕೆಳಗಿಟ್ಟು, ದಿಬ್ಬಣದವರೆಲ್ಲರ ಎದುರಿಗೆ, ಸಣ್ಣ ಮಗುವಿನ ಹಾಗೆ ಬಾಯಿ ತೆರೆದು ಗೊಳೋ ಎಂದು ಅತ್ತಳು. ಆ ಮನೆಯಲ್ಲಿ ಅಳುವಿನ ಸದ್ದು ಕೇಳಿ ಬಹಳ ಕಾಲವಾಗಿತ್ತು. ಬಣ್ಣಗಾರ ಬೆಚ್ಚಿ ತಲೆ ಎತ್ತಿದ. ಮಗಳ ಬಾಯಿ ಕಂಡಿತು. ನಾಲಗೆಯ ತುದಿ ನೀಲಿಯಾಗಿತ್ತು.

'ನಿನ್ನ ನಾಲಗೆ...' ಎಂದ.

'ರುಚಿ ನೋಡದೆ ಬಾನಿ ಬದುಕುತ್ತದೇನಪ್ಪಾ? ದಿನಾ ಯಾವ ಅನ್ನ ಉಣ್ಣುತ್ತಿದ್ದೀ ಅಂದುಕೊಂಡೆ?'

ಅವನು ಅವಳ ಕೈ ನೋಡಿದ. ಹಸಿರು ಬಳೆಯ ಕೆಳಗೆ, ಅರಿಸಿನದ ಕೆಳಗೆ, ಮೊಣಕೈವರೆಗೆ ನೀಲಿ. ದಿನಕ್ಕೆ ಎರಡು ಸಲ ಅವನ ಮುಂದೆ ಅನ್ನ ಇಟ್ಟ ಕೈ ಅದು. ಏಳು ವರ್ಷದಲ್ಲಿ ಅವನು ಮೊದಲ ಸಲ ನೋಡುತ್ತಿದ್ದ.

ಎದ್ದ. ಗೋಡೆ ಹಿಡಿದುಕೊಂಡು ನಡುಮನೆ ದಾಟಿ ಹಿತ್ತಲಿಗೆ ಹೋದ. ಬಾನಿಯ ಬಾಯಿಗೆ ಚಾಪೆ ಮುಚ್ಚಿತ್ತು. ತೆಗೆಯುವ ಮೊದಲೇ ವಾಸನೆ ಹೇಳಿತು, ಜೀವ ಇದೆ ಎಂದು. ತೆಗೆದು ನೋಡಿದ. ಮೇಲೆ ತಾಮ್ರದ ಬಣ್ಣದ ಕೆನೆ, ನಡುವೆ ನೀಲಿ ನೊರೆ. ಪಕ್ಕದಲ್ಲಿ ಅವನು ತಿರುವುತ್ತಿದ್ದ ಕೋಲು. ಕೋಲಿನಲ್ಲಿ ಅವನ ಕೈ ಸವೆಸಿದ ಜಾಗವಿತ್ತು. ಅದಕ್ಕಿಂತ ಒಂದು ಗೇಣು ಕೆಳಗೆ ಇನ್ನೊಂದು ಜಾಗ ಸವೆದಿತ್ತು, ಸಣ್ಣ ಕೈಯ ಅಳತೆಗೆ. ಬಾವಿಯ ಕಟ್ಟೆಯ ಮೇಲೆ ಹಗ್ಗ ಉಜ್ಜಿ ಆಳವಾಗಿ ಗೀರು ಬಿದ್ದಿತ್ತು. ಆಗ ಅವನಿಗೆ ರಾಟೆಯ ಸದ್ದು ನೆನಪಾಯಿತು. ಹೊಳೆಗೆ ಇಳಿಯಲು ಹೆದರಿದ ಹುಡುಗಿ, ಬಟ್ಟೆ ಜಾಲಾಡಲು ದಿನಕ್ಕೆ ನೂರು ಕೊಡ ನೀರನ್ನು ಬಾವಿಯಿಂದ ಸೇದಿದ್ದಳು. ಅವಳ ಅಣ್ಣನನ್ನು ಹೊಳೆಗೆ ಕಳಿಸಿದವನು ಜಗಲಿಯ ಮೇಲೆ ಕುಳಿತು ಉಂಡಿದ್ದ.

ಅವನು ಬಾನಿಯ ಪಕ್ಕ ಮಂಡಿಯೂರಿದ. ಕೈ ಚಾಚಿದ, ಅದ್ದಲಿಲ್ಲ. ಬೆಳ್ಳಗಿನ ಉಗುರು ನೀರಿನ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ನಿಂತಿತು. ಅದ್ದಿದರೆ ಎಲ್ಲವೂ ಮರಳಿ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಬಟ್ಟೆ ಬರುತ್ತದೆ, ಕೆಂಪು ಹೊಳೆ ಬರುತ್ತದೆ, ಹೊಳೆಯನ್ನೊಮ್ಮೆ ತನ್ನನ್ನೊಮ್ಮೆ ನೋಡಿದ ಮಗನ ಮುಖ ಬರುತ್ತದೆ. ಬೀದಿಯಲ್ಲಿ ಎತ್ತುಗಳು ಕೊರಳು ಅಲ್ಲಾಡಿಸುತ್ತಿದ್ದವು. ಸೋದರಮಾವ ಯಾರಿಗೋ ಸಮಾಧಾನ ಹೇಳುತ್ತಿದ್ದ. ಮಗಳು ಕೊಡ ಹಿಡಿದು ಹಿಂದೆ ಬಂದು ನಿಂತಿದ್ದಳು. ಈಗ ಎದ್ದು ಜಗಲಿಗೆ ಹೋದರೆ ಅವನಿಗೆ ನೋವಿಲ್ಲ, ಅವಳಿಗೆ ಮುಂದೆ ಬಾಳಿಲ್ಲ. ಅದೂ ಅವನಿಗೆ ತಿಳಿಯಿತು.

ಕೈ ಅದ್ದಿದ. ಬೆರಳನ್ನು ನಾಲಗೆಗೆ ಮುಟ್ಟಿಸಿದ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದ. ಆಮೇಲೆ ಹೇಳಿದ:

'ಸುಣ್ಣ ಒಂದು ಹಿಡಿ ಕಡಿಮೆಯಾಗಿದೆಯಲ್ಲೇ, ದೇಕವ್ವಾ.'

'ಇವತ್ತು ಗಡಿಬಿಡಿಯಲ್ಲಿ ಹಾಕಲಿಲ್ಲಪ್ಪಾ,' ಎಂದಳು ಹುಡುಗಿ.

ಅವಳ ಹೆಸರು ದೇಕವ್ವ. ಏಳು ವರ್ಷದ ಮೇಲೆ ಅಪ್ಪನ ಬಾಯಲ್ಲಿ ಕೇಳಿದಳು. ಬಣ್ಣಗಾರ ಅಲ್ಲೇ ಬಾನಿಯ ಕಂಠ ತಬ್ಬಿಕೊಂಡು, ಮಗನ ಹೆಸರು ಹಿಡಿದು ಕರೆದು ಕರೆದು ಅತ್ತ. ಏಳು ವರ್ಷ ತಡೆದಿಟ್ಟದ್ದು ಒಂದೇ ಸಲಕ್ಕೆ ಬಂತು. ದಿಬ್ಬಣದವರು ಗಾಡಿಯಿಂದ ಇಳಿದು ಕಾದರು. ಯಾರೂ ಅವಸರ ಮಾಡಲಿಲ್ಲ.

ಒಂದು ಹಿಡಿ ಸುಣ್ಣ ಹಾಕಿದ. ಎಷ್ಟು ತಿರುವಬೇಕೋ ಅಷ್ಟೇ ತಿರುವಿದ. ಕೊಡ ತುಂಬಿದ. ಹೊಸಿಲಿನ ಬಳಿ ಬಂದು ಮಗಳ ಕೈಗೆ ಕೊಡುತ್ತ ಹಿರಿಯರ ಮಾತು ಶುರು ಮಾಡಿದ. 'ನನ್ನ ಕೈಯಲ್ಲಿತ್ತು' ಎಂದ. ಮುಂದಿನದು ಬರಲಿಲ್ಲ. ಬಾಯಿಪಾಠದ ಮಾತು, ನಿದ್ದೆಯಲ್ಲಿ ಕೇಳಿದರೂ ಹೇಳುವ ಮಾತು ಅದು. ಕೊಡ ಇಬ್ಬರ ಕೈಯಲ್ಲೂ ಇತ್ತು. ಅವನು ಹೊಳೆಯ ಕಡೆಗೆ ಒಂದು ಸಲ ನೋಡಿದ. ಮಗಳನ್ನು ನೋಡಿದ. ಬಹಳ ಹೊತ್ತಿನ ಮೇಲೆ 'ನನ್ನದಾಗಿರಲಿಲ್ಲ' ಎಂದು ಹೇಳಿ ಕೈ ಬಿಟ್ಟ.

ಗಾಡಿಗಳು ಹೋದವು. ಸಂಜೆ ಅವನು ಹಿತ್ತಲಿಗೆ ಹೋಗಿ ಬಾನಿ ತಿರುವಿದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನಿಗೆ ಮಗಳ ನೆನಪಾಯಿತು, ನೋವಾಯಿತು. ತಿರುವಿ ಮುಗಿಸಿ, ಚಾಪೆ ಮುಚ್ಚಿ, ಒಲೆ ಹೊತ್ತಿಸಲು ಒಳಗೆ ಹೋದ.

ಕತೆ ಮುಗಿಯಿತು. ನಾಗಮಿತ್ರನ ಕೈಯಲ್ಲಿ ಸೂಜಿ ಹಾಗೇ ಇತ್ತು. ಕೇಳುತ್ತ ಕೇಳುತ್ತ ದಾರ ಪೋಣಿಸುವುದನ್ನೇ ಮರೆತಿದ್ದ. ಈಗ ಪೋಣಿಸಿ ಕೊಟ್ಟ. ಅವನಿಗೆ ಆ ಬಣ್ಣಗಾರ ಹಿಡಿಸಿರಲಿಲ್ಲ. ಏಕೆ ಹಿಡಿಸಲಿಲ್ಲ ಎಂಬುದು ಹೊಳೆಯುತ್ತಲೂ ಇರಲಿಲ್ಲ.

"ಭಂತೆ, ಕೊನೆಗೆ ಅವನಿಗೆ ದುಃಖ ಮರಳಿ ಬಂತಲ್ಲ. ಏನೂ ಬೇಡವೆಂದು ಕುಳಿತಿದ್ದ ಏಳು ವರ್ಷ ಆ ಮನೆಯಲ್ಲಿ ದುಃಖವಿರಲಿಲ್ಲ."

"ಇತ್ತು. ಮಗಳು ಹೊತ್ತುಕೊಂಡಿದ್ದಳು."

ನಾಗಮಿತ್ರ ಪಟ್ಟುಬಿಡಲಿಲ್ಲ. "ಹಾಗಾದರೆ ಆಸೆಯೇ ದುಃಖದ ಮೂಲ ಎಂಬ ಮಾತು ಸುಳ್ಳೇ?"

"ಸುಳ್ಳು ಹೇಗಾದೀತು? ಏಳು ವರ್ಷ ಅವನು ಎದೆಗೆ ಅವಚಿಕೊಂಡು ಕೂತಿದ್ದ ಆಸೆ ಆ ಊರಿಗೇ ದೊಡ್ಡದು. ತನಗೆ ಇನ್ನು ನೋಯಬಾರದು ಅನ್ನುವ ಆಸೆ. ಅದನ್ನು ಬಿಟ್ಟದ್ದು ಬಾನಿಗೆ ಕೈ ಅದ್ದಿದ ದಿನ. ಅಲ್ಲಿಯವರೆಗೆ ಅವನು ಬಿಟ್ಟದ್ದು ಆಸೆಯನ್ನಲ್ಲ, ಮಗಳನ್ನು."

ಸ್ಥವಿರರು ಕೊನೆಯ ಹೊಲಿಗೆ ಹಾಕಿ, ಗಂಟು ಬಿಗಿದು, ದಾರ ಕಡಿದರು. ಚೀವರವನ್ನು ಮಡಚಿ ಪಕ್ಕಕ್ಕಿಟ್ಟರು. ಮೊದಲ ಸಲ ತಲೆ ಎತ್ತಿ ಶಿಷ್ಯನ ಮುಖ ನೋಡಿದರು. ಅವರ ದನಿ ಮೆತ್ತಗಾಗಿತ್ತು.

"ನಾಲ್ಕು ತಿಂಗಳಿಂದ, ನೀನು ಭಿಕ್ಷೆಗೆ ಹೋಗುವ ಬೀದಿಯ ಕೊನೆಯ ಮನೆಯಲ್ಲಿ ಕೂಲಿಗೆ ಜೋಳ ಬೀಸುತ್ತ, ದಿನವೂ ನಿನ್ನೊಬ್ಬನ ಪಾತ್ರೆಗೆ ಮಾತ್ರ ಅನ್ನ ಹಾಕಿ ಕಣ್ಣೊರೆಸಿಕೊಳ್ಳುವ ಪರವೂರಿನ ಮುದುಕಿಯೊಬ್ಬಳಿದ್ದಾಳೆ, ನಾಳೆ ಅಲ್ಲಿ ಕಣ್ಣು ತೆರೆ."